ಕ್ಯಾಸೆಟ್ ಗುರುಸಿದ್ದಣ್ಣನ ಕೊಸರು

ಸೊಪ್ಪಿನವಳು ಕಟ್ಟು ಕೊಟ್ಟ ಮೇಲೆ ನಾಲ್ಕು ಎಸಳು ಕೊತ್ತಂಬರಿಯನ್ನು ಕೊಸರು ಎಂದು ಚೀಲಕ್ಕೆ ಹಾಕುತ್ತಾಳೆ. ಹೂವಿನವಳು ಮೊಳ ಅಳೆದ ಮೇಲೆ ನಾಲ್ಕು ಬೆರಳು ಮುಂದಕ್ಕೆ ಹೋಗಿ ಕತ್ತರಿಸುತ್ತಾಳೆ. ಹಾಡಿನ ಮೇಲೆ ಕೊಸರು ಕೊಡುವವನನ್ನು ಮಾತ್ರ ನಾನು ಕಂಡದ್ದು ಒಬ್ಬನನ್ನೇ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಗುರುಸಿದ್ದಣ್ಣ.

ಅವನ ಅಂಗಡಿಗೂ ನನ್ನ ಟೈಲರಿಂಗ್ ಅಂಗಡಿಗೂ ನಡುವೆ ಒಂದೇ ಗೋಡೆ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ನರಸೀಪುರಕ್ಕೆ ಬಂದು, ರವಿಕೆ ಹೊಲಿಯುವ ಅಂಗಡಿ ತೆರೆದದ್ದು ತೊಂಬತ್ತರ ದಶಕದ ಮೊದಲಲ್ಲಿ. ಹೊಲಿಗೆ ಶುರು ಮಾಡಿದ ದಿನವೇ ಪಕ್ಕದ ಅಂಗಡಿಯಿಂದ ಎತ್ತರದ, ಸ್ವಲ್ಪ ಬಾಗಿದ, ಹಣೆಯ ತುಂಬ ವಿಭೂತಿ ಬಳಿದ ಮನುಷ್ಯನೊಬ್ಬ ಬಂದು ಬಾಗಿಲಲ್ಲಿ ನಿಂತ. ಕಿವಿಯ ಮೇಲೆ ಸೀಸದ ಕಡ್ಡಿ. ಅದು ಬರೆಯುವುದಕ್ಕಲ್ಲ, ಸಡಿಲಾದ ಟೇಪನ್ನು ಸುತ್ತುವುದಕ್ಕೆ ಎಂದು ಆಮೇಲೆ ತಿಳಿಯಿತು.

"ಮಿಷನ್ ಒಸಿ ನಿಲ್ಸವ್ವ, ರೆಕಾರ್ಡಿಂಗ್ ನಡೀತಾ ಅದೆ" ಎಂದ.

"ಹೊಟ್ಟೆಪಾಡು ನಿಲ್ಸಕ್ಕಾಯ್ತದಾ ಅಣ್ಣ?" ಎಂದೆ.

ಅವನು ಅಲ್ಲೇ ನಿಂತು ಗಂಭೀರವಾಗಿ ಯೋಚಿಸಿದ. "ಅದೂ ಸರೀನೇ. ನೀ ತುಳೀತಾ ಇರು, ನಾವು ಅದ್ರ ಮದ್ಯದಾಗೇ ಹಾಡ್ಕತೀವಿ" ಎಂದು ಹೊರಟುಹೋದ. ಅಣ್ಣ ಎಂದು ಕರೆದ ಮೇಲೆ ನೀವು ತಾವು ಯಾಕೆ ಎಂದು ಮುಂದೊಂದು ದಿನ ಅವನೇ ಗದರಿಸಿದ. ಹಾಗಾಗಿ ಇಲ್ಲೂ ಅವನು ನನಗೆ ಅವನೇ.

ಆ ಕಾಲದಲ್ಲಿ ಊರಿನವರು ಹಾಡು ಕೊಳ್ಳುತ್ತಿದ್ದ ರೀತಿ ಬೇರೆ. ಹೊಸ ಸಿನಿಮಾದ ಕ್ಯಾಸೆಟ್ ಇಡಿಯಾಗಿ ಕೊಳ್ಳುವವರು ಕಡಿಮೆ. ಬೇಕಾದ ಹಾಡುಗಳನ್ನು ಬಾಯಲ್ಲಿ ಹೇಳಿ, ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋಗುವವರೇ ಹೆಚ್ಚು. ಕಬ್ಬಿನ ಲಾರಿಯ ಡ್ರೈವರುಗಳು, ಮದುವೆ ಮನೆಯವರು, ಟೆಂಟ್ ಹೌಸಿನವರು ಸಾಲಾಗಿ ಬರುತ್ತಿದ್ದರು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ಇಳಿಯಬೇಕಾದರೆ ಹಾಡಿನಷ್ಟೇ ಹೊತ್ತು ಬೇಕು. ಬೇರೆ ಅಂಗಡಿಯವರು ಗುಂಡಿ ಒತ್ತಿ ಟೀ ಕುಡಿಯಲು ಹೋಗುತ್ತಿದ್ದರು. ಗುರುಸಿದ್ದಣ್ಣ ಮಾತ್ರ ಸೂರು ನೋಡುತ್ತ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ. ಅದೇ ಹಾಡನ್ನು ಬೆಳಿಗ್ಗೆಯಿಂದ ಹತ್ತು ಜನಕ್ಕೆ ತುಂಬಿದ್ದರೂ ಹನ್ನೊಂದನೆಯವನಿಗಾಗಿ ಮತ್ತೆ ಕೇಳುತ್ತಿದ್ದ.

"ಯಾಕಣ್ಣ, ಬೇಜಾರಾಗಕ್ಕಿಲ್ವಾ?" ಎಂದರೆ, "ಅನ್ನ ಬೇಯೋಗಂಟ ಒಲೆ ಮುಂದೆ ಕುಂತಿರಕ್ಕಿಲ್ವಾ, ಅಂಗೆ ಕಣವ್ವ" ಎನ್ನುತ್ತಿದ್ದ.

ಇನ್ನು ಕೊಸರಿನ ಸಂಗತಿ. ಕೇಳಿದ ಹಾಡೆಲ್ಲ ತುಂಬಿದ ಮೇಲೆ ಟೇಪಿನ ತುದಿಯಲ್ಲಿ ಒಂದಿಷ್ಟು ಖಾಲಿ ಉಳಿಯುತ್ತದಲ್ಲ, ಅದನ್ನು ಖಾಲಿ ಬಿಟ್ಟು ಕೊಡುವುದು ಅವನಿಗೆ ಆಗುತ್ತಿರಲಿಲ್ಲ. ಯಾರೂ ಕೇಳದ ಹಾಡೊಂದನ್ನು ಅಲ್ಲಿಗೆ ತುಂಬುತ್ತಿದ್ದ. ಬನ್ನೂರು ಕಡೆಯ ನಾಟಿ ಹೆಂಗಸರ ಪದ, ತಂಬೂರಿಯ ಮುದುಕನ ಕತೆ, ಅಂಗಡಿಗೆ ಬೀಡಿ ಕೇಳಲು ಬಂದವನ ಸೋಬಾನೆ, ಹೀಗೆ. ಎಲ್ಲ ಅವನೇ ಅಂಗಡಿಯೊಳಗೆ ಕೂರಿಸಿಕೊಂಡು ರೆಕಾರ್ಡ್ ಮಾಡಿದವು. ಪದದ ಹಿಂದೆ ನನ್ನ ಮಿಷನ್ನಿನ ಟಕಟಕವೂ ಇರುತ್ತಿತ್ತು, ಅದಕ್ಕೆ ನಾನು ಸಂಭಾವನೆ ಕೇಳುತ್ತಿದ್ದೆ. ಟೇಪು ಎಲ್ಲಿ ಮುಗಿಯಿತೋ ಕೊಸರು ಅಲ್ಲಿಗೆ ಕಡಿದುಹೋಗುತ್ತಿತ್ತು.

ಒಮ್ಮೆ ಸೋಮನಾಥಪುರದ ವಾರಗಿತ್ತಿಯರಿಬ್ಬರು ಮುಖ ಊದಿಸಿಕೊಂಡು ಬಂದರು. ಹಿರಿಯವಳ ಕ್ಯಾಸೆಟ್ಟಿನಲ್ಲಿ ನಾಟಿ ಪದ ಎರಡು ನುಡಿಗೆ ನಿಂತಿದೆ, ಕಿರಿಯವಳದರಲ್ಲಿ ನಾಲ್ಕು ನುಡಿ ಇದೆ. ಇದ್ಯಾವ ನ್ಯಾಯ ಎಂದು ಹಿರಿಯವಳ ದೂರು.

"ಅವ್ಳು ಹಾಡು ಕಮ್ಮಿ ಕೇಳಿದ್ಲು, ಜಾಗ ಜಾಸ್ತಿ ಮಿಕ್ತು" ಎಂದ ಗುರುಸಿದ್ದಣ್ಣ.

"ಅಂಗಾರೆ ನಂಗೂ ಅಳ್ದು ಅಷ್ಟೇ ಹಾಕ್ಕೊಡಿ."

"ಅಳ್ದು ಕೊಟ್ರೆ ಅದು ಯಾಪಾರ ಆಯ್ತದೆ ಕಣ್ರವ್ವ. ಕೊಸ್ರು ಅಂದ್ರೆ ಕೈಗೆ ಬಂದಷ್ಟು."

ಹಿರಿಯವಳಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಅವನು ಒಂದು ಹಾಡು ಅಳಿಸಿ ಕೊಸರು ಉದ್ದ ಮಾಡಿಕೊಟ್ಟ.

ಕೊಸರುಗಳಲ್ಲೆಲ್ಲ ಹೆಚ್ಚು ಮನೆ ಸೇರಿದ್ದು ಅವನ ಹೆಂಡತಿ ನೀಲಮ್ಮನ ಹಾಡು. ನೀಲಮ್ಮ ಬದನವಾಳಿನವಳು. ಹುಡುಗಿಯಾಗಿದ್ದಾಗ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೆದವಳು. ನರಸೀಪುರಕ್ಕೆ ಬಂದ ಮೇಲೆ ಅಂಗಡಿಗೆ ಮಧ್ಯಾಹ್ನದ ಊಟ ತರುವುದು, ಗಂಡ ಏಳುವವರೆಗೂ ಮೂಲೆಯ ಸ್ಟೂಲಿನ ಮೇಲೆ ಕಾಯುವುದು ಅವಳ ದಿನಚರಿ. ಮಾತು ಕಡಿಮೆ. ಹಾಡಿಗೆ ಮಾತ್ರ ಕೂತರೆ ಗೋಡೆಯಾಚೆ ನಾನು ಕಾಲು ನಿಲ್ಲಿಸಿಬಿಡುತ್ತಿದ್ದೆ.

ಅವಳದೇ ಒಂದು ಪದವಿತ್ತು, ತಾನೇ ಕಟ್ಟಿಕೊಂಡದ್ದು. ಗಂಡನ ಮನೆಗೆ ಬಂದವಳು ತವರಿನಲ್ಲಿ ಏನೇನು ಬಿಟ್ಟು ಬಂದೆ ಎಂದು ಒಂದೊಂದು ನುಡಿಗೆ ಒಂದೊಂದನ್ನು ಹೇಳುವ ಪದ. "ಬೀಸೋ ಕಲ್ಲ ಬಿಟ್ಟು ಬಂದೆ, ಬಿಸ್ಲು ಕಾಯೋ ಜಗ್ಲಿ ಬಿಟ್ಟು ಬಂದೆ" ಎಂದು ಶುರುವಾಗುತ್ತಿತ್ತು. ಆಮೇಲೆ ನೂಲಿನ ರಾಟೆ, ಆಮೇಲೆ ಕರಿಯ ಹಸುವಿನ ಕರು. ಕೊನೆಯ ನುಡಿ ಮಾತ್ರ ಹಾಡಿದ ಸಲಕ್ಕೊಂದು. ಒಮ್ಮೆ ಅವ್ವನ ಸೆರಗು, ಒಮ್ಮೆ ಹಿತ್ತಿಲ ನುಗ್ಗೆ ಮರ, ಇನ್ನೊಮ್ಮೆ ಗಂಡನನ್ನು ರೇಗಿಸಲು, ತನ್ನನ್ನು ಕೇಳಿ ಬಂದಿದ್ದ ಬೇರೆ ವರ. ಗುರುಸಿದ್ದಣ್ಣ ಅದನ್ನು ರೆಕಾರ್ಡ್ ಮಾಡಿದ್ದು ಒಂದೇ ಸಲ, ನಾನು ಅಂಗಡಿ ತೆರೆಯದ ಒಂದು ದಿನ. ಅದರಿಂದ ಎಷ್ಟೋ ಕ್ಯಾಸೆಟ್ಟಿನ ಬಾಲಕ್ಕೆ ತುಂಬಿದ. ಎಲ್ಲರಿಗೂ ಇಷ್ಟವಾಯಿತು. ತುಂಬಿ ತುಂಬಿ ಸವೆದ ಆ ಮೂಲದ ಕ್ಯಾಸೆಟ್ಟನ್ನು ಒಂದು ದಿನ ಟೇಪ್ ಡೆಕ್ಕು ಸುತ್ತಿಕೊಂಡು ತಿಂದುಹಾಕಿತು. "ಓದ್ರೆ ಓಗ್ಲಿ ಬುಡು, ಹಾಡೋಳು ಮನೇಲೇ ಅವ್ಳಲ್ಲ" ಎಂದು ನಕ್ಕ.

ಹಾಡುವವಳು ಹೆಚ್ಚು ಕಾಲ ಉಳಿಯಲಿಲ್ಲ. ಜ್ವರವೆಂದು ಮಲಗಿದವಳನ್ನು ಮೈಸೂರಿಗೆ ಕರೆದುಕೊಂಡು ಹೋದರು, ಅಲ್ಲಿಂದ ಹೆಣ ಬಂತು. ತಿಥಿ ಮುಗಿಸಿ ಅಂಗಡಿ ತೆರೆದ ಗುರುಸಿದ್ದಣ್ಣ ಗೋಡೆಗೆ ಒರಗಿ ಕೂತು ನನ್ನನ್ನು ಕೇಳಿದ: "ಗೌರವ್ವ, ಅವತ್ತು ರೆಕಾರ್ಡಿಂಗ್ನಾಗೆ ಕೊನೇಗೆ ಏನ್ ಬುಟ್ಟು ಬಂದೆ ಅಂದ್ಲು? ಕೊಸ್ರು ತುಂಬೋವಾಗ ಅಲ್ಲಿಗಂಟ ಓಯ್ತಿದ್ದದ್ದೇ ಅಪ್ರೂಪ, ನಂಗೆ ಗ್ಯಾನಾನೇ ಬತ್ತಾ ಇಲ್ಲ." ನನಗೂ ಗೊತ್ತಿರಲಿಲ್ಲ. ಅವನಿಗೆ ಅದೊಂದು ಕೊರೆಯಲು ಶುರುವಾಯಿತು. "ಆಟಕ್ಕೆ ಯೋಳ್ತಿದ್ದದ್ದು ಬ್ಯಾರೆ. ಟೇಪಿನ ಮುಂದೆ ಕುಂತು ಯೋಳೋವಾಗ ನಿಜ ಯೋಳಿರ್ತಾಳೆ. ಈ ಅಂಗ್ಡಿ ಮೂಲೇಲಿ ಕುಂತು ಅವ್ಳು ಏನ್ ನೆನೀತಿದ್ಲು ಅಂತ ಒಂದಿನಾನೂ ಕೇಳ್ಲಿಲ್ಲ ನಾನು." ಮದುವೆಯಾಗಿ ಬಂದ ಹೆಣ್ಣಿಗೆ ಇಲ್ಲೇನಾದರೂ ಸುಖವಿತ್ತೇ ಇಲ್ಲವೇ ಎಂಬುದು ಆ ಒಂದು ನುಡಿಯಲ್ಲಿದೆ ಎಂದು ಅವನು ನಂಬಿಬಿಟ್ಟ. ಅಲ್ಲ ಎಂದು ಹೇಳಲು ನಾನು ಯಾರು.

ಅಷ್ಟರಲ್ಲಿ ಕಾಲ ಅವನ ಕಾಲ ಕೆಳಗಿನಿಂದಲೇ ಜಾರಿತು. ಸೀಡಿ ಬಂತು, ಅದನ್ನು ಹೇಗೋ ಸುಧಾರಿಸಿಕೊಂಡ. ಆಮೇಲೆ ಎದುರು ಸಾಲಿನಲ್ಲಿ ಶ್ವೇತ ಎಂಬ ಹೆಣ್ಣುಮಗಳು ಮೊಬೈಲ್ ಕರೆನ್ಸಿ ಹಾಕುವ ಅಂಗಡಿ ತೆರೆದು, ಕಂಪ್ಯೂಟರ್ ಇಟ್ಟು, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡಲು ಶುರು ಮಾಡಿದಳು. ಉಗುರಿನಷ್ಟು ಕಾರ್ಡಿಗೆ ಒಂದು ಮೂಟೆ ಹಾಡು. ಟೀ ತಣ್ಣಗಾಗುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಗುರುಸಿದ್ದಣ್ಣನೂ ಹಳೆಯ ಕಂಪ್ಯೂಟರ್ ಒಂದನ್ನು ತಂದಿಟ್ಟ. ಶ್ವೇತಳೇ ಬಂದು ಕಲಿಸಿಕೊಟ್ಟಳು, ಪೈಪೋಟಿ ಗೀಪೋಟಿ ಅವಳಿಗೆ ಗೊತ್ತಿರಲಿಲ್ಲ. ಆದರೆ ಹಾಡು ಹೋಯಿತು ಎಂದು ಪರದೆ ಹೇಳಿದರೂ ಅವನಿಗೆ ನಂಬಿಕೆ ಬರುತ್ತಿರಲಿಲ್ಲ. ಕಾರ್ಡಿಗೆ ಇಳಿದ ಒಂದೊಂದು ಹಾಡನ್ನೂ ಹಾಕಿ ಪೂರ್ತಿ ಕೇಳಿ ಪರೀಕ್ಷೆ ಮಾಡುತ್ತಿದ್ದ. ಕಾರ್ಡು ಕೊಟ್ಟು ಹೋದವರು ಸಂಜೆ ಬಂದರೆ "ನಾಳಿದ್ದು ಬಾಪ್ಪ, ಇನ್ನೂ ಕಾಲ್ ಭಾಗ ಕೇಳಿವ್ನಿ" ಎನ್ನುತ್ತಿದ್ದ. ಬಂದವರು ತಲೆ ಕೆರೆದುಕೊಂಡು ಎದುರಿನ ಅಂಗಡಿಗೆ ಹೋಗುತ್ತಿದ್ದರು.

ಕೊಸರಿನದು ಇನ್ನೊಂದು ಪೇಚು. "ಇದ್ರಾಗೆ ತುದಿ ಎಲ್ಲದೆ ಗೌರವ್ವ? ತುಂಬುದ್ರೆ ತಾನೇ ಮಿಕ್ಕಿದ್ದು ಗೊತ್ತಾಗೋದು?" ಎಂದು ಕಾರ್ಡನ್ನು ಬೆಳಕಿಗೆ ಹಿಡಿದು ಕೇಳುತ್ತಿದ್ದ. ಕೊನೆಗೆ ಮನಸ್ಸು ತಡೆಯದೆ ತಂಬೂರಿ ಮುದುಕನನ್ನೋ ನಾಟಿ ಪದವನ್ನೋ ನಡುವೆ ಎಲ್ಲೋ ಸೇರಿಸಿಬಿಡುತ್ತಿದ್ದ. ಕಾಲೇಜು ಹುಡುಗರು ವಾಪಸ್ ಬಂದು, "ಯಾವ್ದೋ ತಾತನ್ ಹಾಡು ಸೇರ್ಕೊಂಡದೆ ಸಾ, ಡಿಲೀಟ್ ಮಾಡಿ" ಎನ್ನುತ್ತಿದ್ದರು. ಕೊತ್ತಂಬರಿ ಕೊಸರನ್ನು ಯಾರಾದರೂ ತಿರುಗಿಸಿ ಕೊಟ್ಟಾರೆಯೇ? ಅವನ ಮುಖ ನೋಡಲಾಗುತ್ತಿರಲಿಲ್ಲ.

ಅವನದು ಇನ್ನೊಂದು ಪ್ರಶ್ನೆಯಿತ್ತು. "ನೀನು ರವಿಕೆ ಹೊಲ್ದು ಕೊಟ್ರೆ ರವಿಕೆ ಓಯ್ತದೆ. ನಾನು ಕ್ಯಾಸೆಟ್ ಕೊಟ್ರೆ ಕ್ಯಾಸೆಟ್ ಓಯ್ತಿತ್ತು. ಈಗ ಹಾಡು ಕೊಡ್ತೀನಿ, ಹಾಡು ನನ್ನತ್ರನೇ ಅದೆ. ಅಂಗಾರೆ ನಾನು ಮಾರಿದ್ದೇನು, ಅವ್ನು ತಗಂಡೋಗಿದ್ದೇನು?" ಈಗಲೂ ನನ್ನ ಫೋನಿನಲ್ಲಿ ಹಾಡು ಹಾಕುವಾಗ ಈ ಮಾತು ನೆನಪಾಗಿ ಕಸಿವಿಸಿಯಾಗುತ್ತದೆ.

ಒಂದು ಮಧ್ಯಾಹ್ನ ಎದುರಿನ ಅಂಗಡಿಯಿಂದ ನೀಲಮ್ಮನ ದನಿ ಬಂತು. ನಾನು ಕತ್ತರಿ ಕೆಳಗಿಟ್ಟು ಹೊರಗೆ ಬಂದೆ. ಗುರುಸಿದ್ದಣ್ಣ ಆಗಲೇ ರಸ್ತೆ ದಾಟುತ್ತಿದ್ದ, ಒಂದು ಕಾಲಿಗೆ ಮಾತ್ರ ಚಪ್ಪಲಿ. ಬೀಸುವ ಕಲ್ಲು, ಜಗಲಿ, ರಾಟೆ ಆಯಿತು. "ಕರಿಯ ಅಸಿನ ಕರುವ" ಎನ್ನುವಲ್ಲಿಗೆ ಹಾಡು ಪಟ್ಟನೆ ನಿಂತುಹೋಯಿತು.

"ಎಲ್ಲಿ ಸಿಕ್ತವ್ವ ಇದು?" ಎಂದು ಶ್ವೇತಳನ್ನು ಕೇಳಿದ.

"ನೆಟ್ಟಲ್ಲಿ ಅಣ್ಣ. ಯಾರೋ ಹಾಕವ್ರೆ."

"ಯಾರು?"

"ಗೊತ್ತಾಗಲ್ಲ ಅಣ್ಣ."

"ನೆಟ್ಟು ಅಂದ್ರೆ ಯಾರ ಮನೆ? ಒಬ್ರು ಮನೇಲಿ ಇರ್ಬೇಕಲ್ವಾ ಆ ಕ್ಯಾಸೆಟ್ಟು? ಅಡ್ರೆಸ್ ಕೊಡು, ಓಗ್ಬತ್ತೀನಿ."

ಅಡ್ರೆಸ್ಸಿಲ್ಲ ಎಂದರೆ ಅವನು ಒಪ್ಪಲೇ ಇಲ್ಲ. ಯಾರೋ ತಮ್ಮ ಹಳೇ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿ ಹಾಕಿದ್ದಾರೆ, ಅದನ್ನು ಸಾವಿರಾರು ಜನ ಡೌನ್‌ಲೋಡ್ ಮಾಡಿಕೊಂಡಿದ್ದಾರೆ ಎಂದು ಅವಳು ಬಿಡಿಸಿ ಹೇಳಿದಳು. ಸಾವಿರಾರು ಎಂದದ್ದೇ ಅವನ ಮುಖ ಅರಳಿತು. ಅಷ್ಟು ಜನರಲ್ಲಿ ಯಾರ ಬಳಿಯಾದರೂ ಮುಂದಿನ ನುಡಿ ಇದ್ದೇ ಇರುತ್ತದೆ ಎಂದುಕೊಂಡ. ಬಸ್ ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯಲ್ಲಿ ಯಾರ ಕಿವಿಯಲ್ಲಿ ವೈರು ಕಂಡರೂ ನಿಲ್ಲಿಸಿ ಕೇಳಿಸಿಕೊಂಡ. ಒಬ್ಬನ ಫೋನಿನಲ್ಲಿ ಅದಕ್ಕೆ ಡೋಲು ಸೇರಿಸಿದ್ದರು. "ಬಾರ್ಸಿರೋದು ಚೆನ್ನಾಗದೆ, ಯಾರಪ್ಪ ಬಾರ್ಸಿದ್ದು?" ಎಂದರೆ ಕಂಪ್ಯೂಟರು ಎಂದನಂತೆ. ಡೋಲಿದ್ದರೂ ಇಲ್ಲದಿದ್ದರೂ ಎಲ್ಲವೂ ನಿಲ್ಲುತ್ತಿದ್ದದ್ದು ಆ ಕರುವಿನ ಹತ್ತಿರವೇ.

"ಇದೇನವ್ವ ಇದು" ಎಂದ ನನ್ನ ಬಾಗಿಲಲ್ಲಿ ಕುಸಿದು ಕೂತು. "ಸಾವ್ರ ಜನದತ್ರ ಅದೆ, ಎಲ್ರುದೂ ಒಂದೇ ಕಡೆ ನಿಂತೋಯ್ತದೆ. ನಾನು ಹತ್ತು ಮನೆಗೆ ಕೊಟ್ರೆ ಹತ್ತು ತರ ಇರ್ತಿತ್ತಲ್ಲ."

ಆ ಮಾತು ಬಾಯಿಂದ ಬಂದ ಮೇಲೆ ಅವನಿಗೇ ದಾರಿ ಹೊಳೆಯಿತು. ಮರುದಿನದಿಂದ ಚೀಲದಲ್ಲಿ ಟೇಪ್ ರೆಕಾರ್ಡರ್ ಹಾಕಿಕೊಂಡು, ಮೊಪೆಡ್ ಹತ್ತಿ ಹಳ್ಳಿಹಳ್ಳಿ ಸುತ್ತತೊಡಗಿದ. ಹಳೇ ಗಿರಾಕಿಗಳ ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ಅಟ್ಟದಿಂದ ಇಳಿಸಿದ ಕ್ಯಾಸೆಟ್ಟುಗಳ ಬಾಲ ಕೇಳುತ್ತಿದ್ದ. ಕೆಲವು ಬೂಷ್ಟು ಹಿಡಿದಿದ್ದವು. ಕೆಲವರ ಮಕ್ಕಳು ಟೇಪನ್ನು ಕಿತ್ತು ಗದ್ದೆಯಲ್ಲಿ ಹಕ್ಕಿ ಬೆದರಿಸಲು ಕಟ್ಟಿದ್ದರು. ಬನ್ನೂರಿನಲ್ಲಿ ಒಂದು ಸಿಕ್ಕಿತು, ಕರು ದಾಟಿ ಅರ್ಧ ಸಾಲು ಹೋಗಿ ನಿಂತಿತು. ಆ ಅರ್ಧ ಸಾಲನ್ನು ಹೇಳಲು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದಿದ್ದ.

ಇಡೀ ಹಾಡು ಇದ್ದದ್ದು ನಂಜನಗೂಡಿನಲ್ಲಿ, ನನ್ನ ಅವ್ವನ ಮನೆಯಲ್ಲಿ. ನಾನು ಹಬ್ಬಕ್ಕೆ ಹೋಗಿದ್ದಾಗ ಈ ಅಲೆದಾಟದ ಕತೆ ಹೇಳಿದೆ. ಅವ್ವ, "ನೀನು ತಂದ್ಕೊಟ್ಟ ದೇವರ ಹಾಡಿನ ಕ್ಯಾಸೆಟ್ಟಲ್ಲೂ ಕೊನೇಲಿ ಏನೋ ಹೆಂಗಸಿನ ದನಿ ಶುರುವಾಗ್ತದಪ್ಪ, ನಾನು ಮಂಗಳಾರತಿ ಆದ್ಮೇಲೆ ಗುಂಡಿ ಒತ್ತಿಬಿಡ್ತೀನಿ" ಎಂದಳು. ಅವ್ವ ಕೇಳಿದ್ದ ದೇವರ ಹಾಡು ಕಡಿಮೆ, ಗುರುಸಿದ್ದಣ್ಣ ತುಂಬಿದ್ದ ಕ್ಯಾಸೆಟ್ಟು ದೊಡ್ಡದು. ಉಳಿದ ಜಾಗವೆಲ್ಲ ಕೊಸರು. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ.

ಅವನನ್ನು ಕರೆಸಿದೆ. ಬಂದವನು ಕೈಕಾಲು ತೊಳೆದು, ಅವ್ವ ಹಾಸಿದ ಚಾಪೆಯ ಮೇಲೆ ಕೂತು ತಾನೇ ಗುಂಡಿ ಒತ್ತಿದ. ಕಲ್ಲು, ಜಗಲಿ, ರಾಟೆ, ಕರು. ಕರುವಿನ ನುಡಿ ಪೂರ್ತಿಯಾಯಿತು. ಅವನು ಸೂರು ನೋಡುವುದನ್ನು ಬಿಟ್ಟು ಟೇಪ್ ರೆಕಾರ್ಡರನ್ನೇ ನೋಡುತ್ತಿದ್ದ. "ಎಲ್ಲಾ ಬಿಟ್ಟು ಬಂದೆ ನಾನು, ಎಲ್ಲಕ್ಕೂ ಮಿಗಿಲು" ಎಂದು ನೀಲಮ್ಮ ದನಿ ಎಳೆದಳು. ಎಳೆದವಳು ಅಲ್ಲೇ ನಿಲ್ಲಿಸಿ, ಕಿಸಕ್ಕನೆ ನಕ್ಕು, ಮಾಮೂಲು ದನಿಯಲ್ಲಿ ಅಂದಳು:

"ಸಾಕು ಏಳಿ, ಉಣ್ಣೋಕೇಳಿ. ಮುದ್ದೆ ಆರೋಯ್ತದೆ."

ಕ್ಯಾರಿಯರಿನ ಮುಚ್ಚಳ ತೆಗೆದ ಸದ್ದು. ಆಮೇಲೆ ಬರೀ ಟೇಪು ತಿರುಗುವ ಶಬ್ದ.

ಗುರುಸಿದ್ದಣ್ಣ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದ. ಮತ್ತೆ ಅದೇ. "ಅಂಗಾರೆ ಯೋಳ್ಲೇ ಇಲ್ವಾ ಅವ್ಳು?" ಎಂದು ನನ್ನನ್ನೂ ಅವ್ವನನ್ನೂ ನೋಡಿದ. ಅವನಿಗೆ ಸಂತೋಷವಾಯಿತೋ, ಮೋಸವಾಯಿತು ಅನ್ನಿಸಿತೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ನಾನು ಮಾತ್ರ ಅಡುಗೆಮನೆಗೆ ಹೋಗಿ ಅತ್ತೆ. ಅವ್ವ ಎಲೆ ಹಾಕಿದರೆ ಅವನು ಎರಡು ಮುದ್ದೆ ಉಂಡ.

ಕ್ಯಾಸೆಟ್ಟನ್ನು ಅವನೇ ಶ್ವೇತಳ ಬಳಿ ತಂದ. ವೈರು ಚುಚ್ಚಿ ಕಂಪ್ಯೂಟರಿಗೆ ಇಳಿಸುವಾಗ ಆ ಕಂಪ್ಯೂಟರೂ ಹಾಡು ಮುಗಿಯುವವರೆಗೂ ಕಾಯಬೇಕಾಯಿತು. "ಈಗ ದಾರಿಗ್ ಬಂತು" ಎಂದ. ಕೊನೆಯಲ್ಲಿ ಮಾತು ಬರುತ್ತದೆ, ಅದನ್ನು ಕಟ್ ಮಾಡಲಾ ಎಂದು ಶ್ವೇತ ಕೇಳಿದಳು.

"ಹಾಡು ಬೇಕಾರೆ ಕಟ್ ಮಾಡ್ಕೊ. ಅದ ಮುಟ್ಬ್ಯಾಡ" ಎಂದ.

ಅವನ ಒಪ್ಪಿಗೆ ಕೇಳಿಯೇ ಅವಳು ಅದನ್ನು ನೆಟ್ಟಿಗೆ ಹಾಕಿದಳು. ಹಾಕುವ ಮೊದಲು ಅವನು, "ಕೊಟ್ಬುಟ್ರೆ ನನ್ನತ್ರನೂ ಉಳೀತದೆ ತಾನೇ?" ಎಂದು ಎರಡು ಸಲ ಖಚಿತ ಮಾಡಿಕೊಂಡ. ಆಮೇಲೆ ಏನಾಯಿತೆಂದರೆ, ಅಷ್ಟು ಹುಡುಕಿ ತಂದ ಹಾಡನ್ನು ಕೇಳಿದವರು ಕಡಿಮೆ. ಯಾರೋ ಕೊನೆಯ ಮಾತನ್ನಷ್ಟೇ ಕತ್ತರಿಸಿ ರಿಂಗ್‌ಟೋನ್ ಮಾಡಿಬಿಟ್ಟರು. ಮನೆಯಿಂದ ಫೋನ್ ಬಂದರೆ ಹೀಗೆ ಕೂಗಲಿ ಎಂದು ಲಾರಿ ಡ್ರೈವರುಗಳು ಹಾಕಿಕೊಂಡರಂತೆ. ಶ್ವೇತ ಇದನ್ನು ಹೇಳಿದಾಗ ಅವನು ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. "ಕಂಡೋರ್ನೆಲ್ಲ ಯಾಕೆ ಕರೀತಾಳೆ ಅವ್ಳು?" ಎಂದು ಕೇಳಿದ. ತನ್ನ ಕಿವಿಯಿಂದ ಅದನ್ನು ಅವನಿನ್ನೂ ಕೇಳಿರಲಿಲ್ಲ.

ಗುರುಸಿದ್ದಣ್ಣ ತೀರಿಕೊಂಡದ್ದು ಆ ವರ್ಷದ ಚಳಿಗಾಲದಲ್ಲಿ. ನಾನು ಊರಲ್ಲಿರಲಿಲ್ಲ, ಮುಖ ನೋಡಲು ಸಿಗಲಿಲ್ಲ. ಅವನನ್ನು ಕೊನೆಯದಾಗಿ ನೋಡಿದ್ದು ಅದಕ್ಕೂ ಸ್ವಲ್ಪ ಮೊದಲು, ನಂಜನಗೂಡಿನಿಂದ ನರಸೀಪುರಕ್ಕೆ ಬರುವ ಬಸ್ಸಿನಲ್ಲಿ. ಬದನವಾಳಿಗೆ ಹೋಗಿ ಬರುತ್ತಿದ್ದೇನೆ ಎಂದ. ನನ್ನ ಪಕ್ಕದ ಸೀಟಿನಲ್ಲಿ ಕೂತು, ನೀಲಮ್ಮನ ತವರಿನ ಜಗಲಿಗೆ ಸಿಮೆಂಟು ಹಾಕಿಸಿದ್ದಾರೆ ಎಂದು ಹೇಳುತ್ತ ಹೇಳುತ್ತ ತೂಕಡಿಸತೊಡಗಿದ. ಬಸ್ಸು ತುಂಬಿತ್ತು. ಹಿಂದಿನ ಸೀಟಿನಲ್ಲಿ ಯಾರದೋ ಫೋನ್ ಹೊಡೆಯಿತು.

"ಸಾಕು ಏಳಿ, ಉಣ್ಣೋಕೇಳಿ. ಮುದ್ದೆ ಆರೋಯ್ತದೆ."

ಗುರುಸಿದ್ದಣ್ಣ ಎದ್ದು ನಿಂತ.

ಫೋನಿನವನು ಜೇಬು ತಡಕಾಡುತ್ತಿದ್ದ, ನೀಲಮ್ಮ ಮತ್ತೆ ಮತ್ತೆ ಕರೆಯುತ್ತಿದ್ದಳು. "ಯಜಮಾನ್ರೆ, ಸ್ಟಾಪ್ ಇನ್ನೂ ಬಂದಿಲ್ಲ, ಕುಂತ್ಕಳಿ" ಎಂದ ಕಂಡಕ್ಟರ್. ಫೋನು ಸಿಕ್ಕಿತು. "ಸಾಕು ಏ" ಎನ್ನುವಷ್ಟರಲ್ಲಿ ದನಿ ನಿಂತು, ಆ ಮನುಷ್ಯ ಹಲೋ ಎಂದ. ಗುರುಸಿದ್ದಣ್ಣ ತಿರುಗಿ ಅವನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಅವ್ಳು ಕರೆದಿದ್ದು ಅವ್ರನ್ನ. ನಾನ್ಯಾಕೆ ಎದ್ದೆ ಗೌರವ್ವ?"

"ಕೂತ್ಕೊ ಅಣ್ಣ" ಎಂದೆ. ಅವನು ಕೂರಲಿಲ್ಲ. ಮೇಲಿನ ಕಂಬಿ ಹಿಡಿದುಕೊಂಡು ನರಸೀಪುರ ಬರುವವರೆಗೂ ನಿಂತೇ ಬಂದ.